ಫ್ಯಾನು ಎಷ್ಟರಾಗ ಐತಿ

ನಮ್ಮ ಅಜ್ಜಿ ಒಂದು ಕತೆ ಹೇಳುತ್ತಿದ್ದಳು. ಒಂದೂರಲ್ಲಿ ಒಬ್ಬ ಮುದುಕಿ ಗಾಳಿಯನ್ನೆಲ್ಲ ಹಿಡಿದು ಗಡಿಗೆಗೆ ತುಂಬಿ, ಬಾಯಿಗೆ ಅರಿವೆ ಕಟ್ಟಿಬಿಟ್ಟಿದ್ದಳಂತೆ. ಕಣದಲ್ಲಿ ಜೋಳ ತೂರಬೇಕೆಂದರೆ ಊರವರು ಅವಳ ಬಾಗಿಲಿಗೆ ಹೋಗಿ ಕೈಮುಗಿದು ನಿಲ್ಲಬೇಕು. ಮನಸ್ಸು ಬಂದರೆ ಅರಿವೆಯನ್ನು ಬೆರಳಷ್ಟು ಸರಿಸುವಳು, ಬಾರದಿದ್ದರೆ ಇಲ್ಲ. ಹಾಗಾದರೆ ಆ ಮುದುಕಿ ತಾನು ಉಸಿರಾಡಲು ಏನು ಮಾಡುತ್ತಿದ್ದಳು ಎಂದು ನಾನು ಕೇಳುತ್ತಿದ್ದೆ. ಅದು ಕತೆಯೊಳಗೆ ಬರುವುದಿಲ್ಲ, ಸುಮ್ಮನೆ ಮಲಗು ಎಂದು ಅಜ್ಜಿ ಹೊದಿಕೆ ಎಳೆಯುತ್ತಿದ್ದಳು.

ಇಳಕಲ್ಲಿನ ಅಂದಾನಪ್ಪ ಸಾವ್ಕಾರರ ಕಲ್ಲಿನ ಶೆಡ್ಡಿಗೆ ಕೆಲಸಕ್ಕೆ ಸೇರಿದ ಮೇಲೆ ಆ ಗಡಿಗೆಯನ್ನು ಕಣ್ಣಾರೆ ಕಂಡೆ. ಅದು ಹಿಂದಿನ ಗೋಡೆಯ ಎತ್ತರದಲ್ಲಿತ್ತು. ಒಳಗಿನ ಧೂಳನ್ನು ಎಳೆದು ಹೊರಗೆ ಹಾಕುವ ದೊಡ್ಡ ಎಕ್ಸಾಸ್ಟ್ ಫ್ಯಾನು. ಹಿಂದಿನ ಓಣಿಯ ನೇಕಾರರು, ಬಿಸಿಲಿಗೆ ಹಾಕಿದ ನೂಲಿನ ಮೇಲೆಲ್ಲ ನಿಮ್ಮ ಕಲ್ಲಿನ ಹುಡಿ ಕೂಡುತ್ತದೆ ಎಂದು ಜಗಳಕ್ಕೆ ಬಂದದ್ದರಿಂದ ಸಾವ್ಕಾರರು ಫ್ಯಾನಿಗೆ ತಗಡಿನ ಪೆಟ್ಟಿಗೆ ಹೊದಿಸಿ, ಮೇಲಕ್ಕೊಂದು ಕೊಳವೆ ಕೂಡಿಸಿದ್ದರು. ಹಾಗಾಗಿ ಅದರ ರೆಕ್ಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಓಡುತ್ತಿದೆಯೋ ನಿಂತಿದೆಯೋ, ಜೋರೋ ಮೆಲ್ಲಗೋ, ಎಲ್ಲ ಕಿವಿಯಿಂದಲೇ ತಿಳಿಯಬೇಕು.

ಫ್ಯಾನಿನ ಕೆಳಗಿನ ಮೂಲೆ ನನ್ನದು. ಪಿಯುಸಿ ಮುಗಿಸಿದವಳು, ಕೈಬರಹ ಚೆಂದ ಎಂದು ಸಾವ್ಕಾರರು ಅಕ್ಷರದ ಕೆಲಸ ಕೊಟ್ಟಿದ್ದರು. ಮನೆಯ ಹೆಸರು, ಗುಡಿಗೆ ಕಾಣಿಕೆ ಕೊಟ್ಟವರ ಹೆಸರು, ತೀರಿಹೋದವರ ಹೆಸರು ಮತ್ತು ತಾರೀಖು. ಕಲ್ಲು ಕೊಯ್ಯುವವರು, ಪಾಲಿಶ್ ಮಾಡುವವರು ನೀರು ಬಿಟ್ಟುಕೊಂಡು ಕೆಲಸ ಮಾಡುತ್ತಾರೆ, ಅವರ ಧೂಳು ಕೆಸರಾಗಿ ಹರಿದುಹೋಗುತ್ತದೆ. ಅಕ್ಷರಕ್ಕೆ ನೀರು ನಡೆಯುವುದಿಲ್ಲ; ಸೀಮೆಸುಣ್ಣದಲ್ಲಿ ಬರೆದದ್ದು ಅಳಿಸಿಹೋಗುತ್ತದೆ. ಒಣಕಲ್ಲಿನ ಮೇಲೆಯೇ ಸಣ್ಣ ಗ್ರೈಂಡರ್ ಆಡಿಸಬೇಕು. ಬೀಸುವ ಕಲ್ಲಿನ ಸುತ್ತ ಹಿಟ್ಟು ಏಳುವ ಹಾಗೆ ಹುಡಿ ಏಳುತ್ತದೆ. ಫ್ಯಾನು ಜೋರಾಗಿದ್ದಾಗ ಅದು ನನ್ನ ಮುಖದ ಮುಂದಿನಿಂದಲೇ ದಾರವಾಗಿ ಮೇಲೆದ್ದು ಪೆಟ್ಟಿಗೆಯ ಬಾಯಿಗೆ ಸೇರುತ್ತಿತ್ತು. ಸತ್ತವರ ಹೆಸರಿನ ಒಳಗಿದ್ದದ್ದು ಇದೇ ಇರಬೇಕು, ಈಗ ಬಿಡುಗಡೆಯಾಗಿ ಹೋಗುತ್ತಿದೆ ಎಂದುಕೊಂಡು ನಾನು ಅದನ್ನೇ ನೋಡುತ್ತ ಕೂತುಬಿಡುತ್ತಿದ್ದೆ. ಎಷ್ಟೋ ಸಲ ಬೈಸಿಕೊಂಡದ್ದೂ ಇದೆ.

ಬಾಗಿಲ ಕಡೆಯ ತುದಿ ನನ್ನ ಮಾವ ದುರಗಪ್ಪನದು. ಎರಡು ಕಡೆಯಿಂದಲೂ ಮಾವ: ನನ್ನ ಅವ್ವನ ಅಣ್ಣ, ನನ್ನ ಗಂಡ ದೀಪಕನ ಅಪ್ಪ. ಸಣ್ಣವಳಿದ್ದಾಗಿನಿಂದ ಅವನನ್ನು ನೀ ಎಂದೇ ಕರೆದು ರೂಢಿ. ಮದುವೆಯಾಗಿ ಆ ಮನೆಯ ಸೊಸೆಯಾದ ಮೇಲೂ ನಾಲಿಗೆ ಬದಲಾಗಲಿಲ್ಲ. ಅವನ ಕೆಲಸ ಕಲ್ಲು ಬಡಿದು ನೋಡುವುದು. ನಮ್ಮ ಶೆಡ್ಡಿನಲ್ಲಿ ಹೆಚ್ಚಾಗಿ ಹೊಸ್ತಿಲ ಕಲ್ಲು ತಯಾರಾಗುತ್ತಿತ್ತು. ಸೀಳಿದ ಹೊಸ್ತಿಲು ಮನೆಗೆ ಕೇಡೆಂದು ಕೊಳ್ಳಲು ಬಂದವರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುತ್ತಿದ್ದರು. ಕಟ್ಟಿಗೆಯ ಎರಡು ತುಂಡಿನ ಮೇಲೆ ಕಲ್ಲನ್ನಿಟ್ಟು, ಎಡಗೈಯ ಬೆರಳುಗಳನ್ನು ಅದರ ತುದಿಗೆ ತಾಗಿಸಿ, ಬಲಗೈಯ ಸಣ್ಣ ಸುತ್ತಿಗೆಯಿಂದ ಮಾವ ಮೂರು ಕಡೆ ಬಡಿಯುತ್ತಿದ್ದ. ಆ ಹೊತ್ತಿಗೆ ಮಶೀನುಗಳೆಲ್ಲ ನಿಲ್ಲುತ್ತಿದ್ದವು, ಫ್ಯಾನು ಮಾತ್ರ ಓಡುತ್ತಿತ್ತು. ಗಟ್ಟಿ ಕಲ್ಲು ಗಂಟೆಯ ಹಾಗೆ ನುಡಿಯುತ್ತದೆ. ಹೊಟ್ಟೆಯೊಳಗೆ ಕೂದಲೆಳೆಯಷ್ಟು ಸೀಳಿದ್ದರೂ ದನಿ ಬಿದ್ದುಹೋಗುತ್ತದೆ. "ಗಟ್ಟಿ ಐತ್ರಿ, ಒಯ್ರಿ" ಎಂದು ಅವನ ಬಾಯಿಂದ ಬಂದ ಮೇಲೆಯೇ ಹೆಂಗಸರು ಕಲ್ಲಿಗೆ ಅರಿಷಿಣ ಹಚ್ಚುತ್ತಿದ್ದರು.

ಮಾವನ ಕಿವಿ ಹೋಗಿ ಎರಡು ವರ್ಷವಾಗಿತ್ತು.

ಮೂವತ್ತು ವರ್ಷ ಕಲ್ಲು ಕೊಯ್ಯುವ ಮಶೀನಿನ ಪಕ್ಕ ನಿಂತವನು. ಮೊದಲು ಸಣ್ಣ ದನಿ ಹೋದವು, ಆಮೇಲೆ ದೊಡ್ಡವೂ ಹೋದವು. ಇದು ಮನೆಯ ಗುಟ್ಟು. ಮದುವೆಯಾದ ವಾರದಲ್ಲೇ ಅತ್ತೆ ಚಂದವ್ವ ನನ್ನನ್ನು ಒಲೆಯ ಮುಂದೆ ಕೂಡಿಸಿಕೊಂಡು ಹೇಳಿಕೊಟ್ಟಿದ್ದಳು: ಶೆಡ್ಡಿನಲ್ಲಿ ಅವನನ್ನು ಹಿಂದಿನಿಂದ ಕರೆಯಬಾರದು, ಮುಂದೆ ನಿಂತು ತುಟಿ ಕಾಣುವ ಹಾಗೆ ಮಾತಾಡಬೇಕು. ಬೇರೆಯವರು ಹಿಂದಿನಿಂದ ಕರೆದರೆ ನಾನು ಸೆರಗು ಸರಿಮಾಡಿಕೊಳ್ಳಬೇಕು. ಅದನ್ನು ಕಂಡು ಅವನು ತಿರುಗಿ ನೋಡುತ್ತಾನೆ. ಹೌದೋ ಅಲ್ಲವೋ ತಿಳಿಯದಿದ್ದರೆ ಅವನು ನನ್ನ ಕಡೆ ನೋಡುತ್ತಾನೆ. ಹೌದಾದರೆ ನಾನು ತಲೆಯಾಡಿಸಬೇಕು. ಒಂದು ವರ್ಷ ಹಾಗೆಯೇ ನಡೆಸಿದೆವು. ಕಿವಿಯಿಲ್ಲದೆ ಅವನು ಕಲ್ಲನ್ನು ಹೇಗೆ ಆರಿಸುತ್ತಾನೆ ಎಂದು ನನಗೂ ಸೋಜಿಗ. ಆದರೆ ಅವನು ತಪ್ಪುತ್ತಿರಲಿಲ್ಲ.

ತಪ್ಪಿದ್ದು ಒಂದೇ ಸಲ. ಹುನಗುಂದದ ವಕೀಲರೊಬ್ಬರ ಮನೆಗೆ ಹೋದ ಹೊಸ್ತಿಲು, ಗೌಂಡಿ ಕೂಡಿಸುವಾಗ ಎರಡು ತುಂಡಾಯಿತು. ವಕೀಲರು ತುಂಡುಗಳನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದು ಶೆಡ್ಡಿನ ಮುಂದೆ ಇಳಿಸಿ ಹೋದರು. ಅಂದಾನಪ್ಪ ಸಾವ್ಕಾರರು ಮಾವನನ್ನು ಎಲ್ಲರ ಮುಂದೆ ನಿಲ್ಲಿಸಿ, ಇದನ್ನು ಗಟ್ಟಿ ಎಂದವನು ನೀನಲ್ಲವೇ ಎಂದು ಕೇಳಿದರು. ಮಾವ ಅವರ ತುಟಿಯನ್ನು ನೋಡಿದ. ಆಮೇಲೆ ತಗಡಿನ ಪೆಟ್ಟಿಗೆಯ ಕಡೆ ಕೈ ತೋರಿಸಿದ.

"ಈ ಫ್ಯಾನಿನ ಸಪ್ಪಳದಾಗ ಕಲ್ಲಿನ ಮಾತು ಹೆಂಗ ಕೇಳಬೇಕ್ರಿ ಸಾವ್ಕಾರ್ರ?"

ಸಾವ್ಕಾರರು ನನ್ನ ಕಡೆ ತಿರುಗಿ, ಖರೆಯೇನು ಎಂದರು. ಖರೇರಿ, ಸಪ್ಪಳ ಭಾಳ ಐತಿ ಎಂದೆ. ಮನೆಯ ಮಾನ ಉಳಿಸಿದೆ ಎಂದುಕೊಂಡೆ.

ವಾರದೊಳಗೆ ಬಸ್‌ಸ್ಟ್ಯಾಂಡ್ ಹತ್ತಿರದ ನವೀದ ಬಂದು ಬಾಗಿಲ ಪಕ್ಕ, ಮಾವನ ಕೈಗೆ ಸಿಗುವ ಹಾಗೆ ಒಂದು ರೆಗ್ಯುಲೇಟರ್ ಕೂಡಿಸಿದ. ಅವನು ಮೋಟಾರು ರಿಪೇರಿ ಮಾಡುವ ಹುಡುಗ, ಕೆಲಸದಲ್ಲಿ ಚುರುಕು. ಸಾವ್ಕಾರರು ಕಡಿಮೆ ಬೆಲೆಯದು ಸಾಕೆಂದದ್ದಕ್ಕೆ ಮನೆಯ ಫ್ಯಾನಿಗೆ ಹಾಕುವಂಥದ್ದನ್ನೇ ಹಾಕಿದ್ದ. ಐದಕ್ಕೆ ತಿರುವಿದರೆ ಲಾರಿ ಏರು ಹತ್ತಿದ ಸದ್ದು. ಒಂದಕ್ಕೆ ತಿರುವಿದರೆ ಬೆಕ್ಕು ಗುರುಗುಟ್ಟಿದ ಹಾಗೆ. ಅಂದಿನಿಂದ ಮಾವನಿಗೆ ಒಂದು ಆಟ ಸಿಕ್ಕಿತು. ಗಿರಾಕಿ ಬಂದ ಕೂಡಲೇ ಎದ್ದು ಗುಂಡಿಯನ್ನು ಒಂದಕ್ಕೆ ತಿರುವುವನು. ನನ್ನ ಕಡೆ ನೋಡುವನು. ಸದ್ದು ಇಳಿದ ಮೇಲೆ ನಾನು ತಲೆಯಾಡಿಸುವೆ. ಆಗ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಕಲ್ಲಿಗೆ ಕಿವಿಗೊಟ್ಟು ಬಡಿಯುವನು. ಮಂದಿ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮೊದಲಿನ ದಿನಗಳಲ್ಲಿ ಅವರು ಹೋದ ಮೇಲೆ ಗುಂಡಿಯನ್ನು ಮತ್ತೆ ಐದಕ್ಕೆ ಇಡುತ್ತಿದ್ದ. ಆಮೇಲೆ ಬಿಟ್ಟ. ಬೆಳಗಿನಿಂದ ಸಂಜೆಯ ತನಕ ಒಂದೇ.

ಹುಡಿ ಈಗ ಮೇಲೇಳುತ್ತಿರಲಿಲ್ಲ. ನನ್ನ ಮುಖದ ಮುಂದೆಯೇ ನಿಂತು, ಯೋಚಿಸಿ, ನನ್ನೊಳಗೇ ಬರುತ್ತಿತ್ತು. ಎರಡು ತಿಂಗಳಿಗೆ ಕೆಮ್ಮು ಹಗಲಿರುಳು ಬಿಡದಾಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಎದೆಯ ಫೋಟೋ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಉಪ್ಪು ಚೆಲ್ಲಿದ ಹಾಗಿದ್ದ ಬಿಳಿ ಚುಕ್ಕೆ ತೋರಿಸಿ, ಇವು ಬಂದವು ಹೋಗುವುದಿಲ್ಲ, ಇನ್ನಷ್ಟು ಬರದಂತೆ ನೋಡಿಕೋ, ಆ ಧೂಳಿನಲ್ಲಿ ಇನ್ನೊಂದು ವರ್ಷ ಕೂತರೆ ಮೆಟ್ಟಿಲು ಹತ್ತಲಾರೆ ಎಂದರು. ನನಗೆ ಇಪ್ಪತ್ತಮೂರು ವರ್ಷ. ಬಸ್ಸಿನಲ್ಲಿ ಬರುವಾಗ ಆ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು, ಅಜ್ಜಿ ಆಕಾಶದಲ್ಲಿ ತೋರಿಸುತ್ತಿದ್ದ ಚಿಕ್ಕೆಗಳ ಹೆಸರೆಲ್ಲ ಅವಕ್ಕೆ ಇಟ್ಟೆ.

ಸಾವ್ಕಾರರಿಗೆ ಹೇಳಿದೆ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೋ ಎಂದರು. ಕಟ್ಟಿಕೊಂಡಿದ್ದೇನೆ, ಗಿರಾಕಿ ಇಲ್ಲದಾಗ ಫ್ಯಾನು ಐದಕ್ಕಿರಲಿ ಎಂದೆ. ಅದು ದುರಗಪ್ಪನ ಕೈಯೊಳಗಿನ ಮಾತು, ಹೊಸ್ತಿಲು ಮೊದಲು, ಹೆಸರು ಆಮೇಲೆ. ಹೆಸರು ಕೊರೆಯುವವರು ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಮಂದಿ ಸಿಗುತ್ತಾರೆ, ಕಲ್ಲು ಬಡಿಯುವವನು ಸಿಗುವುದಿಲ್ಲ ಎಂದು ನಕ್ಕರು.

ಅಂದು ಸಂಜೆ ಮಾವನಿಗೆ ರೊಟ್ಟಿ ಹಾಕುತ್ತ ಅವನ ಮುಂದೆ ಕೂತೆ. ತುಟಿ ಕಾಣುವ ಹಾಗೆ, ಒಂದೊಂದೇ ಶಬ್ದ ಬಿಡಿಸಿ ಹೇಳಿದೆ.

"ಮಾವಾ, ಫ್ಯಾನು ಮೂರಕ್ಕರ ಇಡು. ಹೆಂಗೂ ನಿನಗ ಕೇಳಸೂದಿಲ್ಲ. ಒಂದಕ್ಕ ಇದ್ರೇನು, ಮೂರಕ್ಕ ಇದ್ರೇನು?"

"ಮೂರಕ್ಕ ಇಟ್ರ ಯಾರ್ ನಂಬ್ತಾರ? ಒಂದಕ್ಕ ಇಟ್ಟೆ ಅಂದ್ರ ನಾಕು ಮಂದಿ ನೋಡ್ತಾರ, ದುರಗಪ್ಪ ಹೆಂಗ ಕಿವಿಗೊಟ್ಟು ಕೇಳ್ತಾನ ಅಂತ."

"ನನ್ನ ಕೆಮ್ಮು ನಿಲ್ಲವಲ್ದು."

ಅವನು ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ. "ನಿನ್ನ ಕೆಮ್ಮು ನನಗೆಲ್ಲಿ ಕೇಳಸ್ತೈತವ್ವಾ."

ಹೇಳಿ ತಾನೇ ನಕ್ಕ. ಅತ್ತೆಯೂ ಬಾಯಿಗೆ ಸೆರಗು ಹಿಡಿದು ನಕ್ಕಳು. ದೀಪಕ ತಾಟಿನ ಕಡೆಯೇ ನೋಡುತ್ತಿದ್ದ, ಆದರೆ ಅವನ ಹೆಗಲು ಅಲುಗುತ್ತಿದ್ದುದು ನನಗೆ ಕಂಡಿತು.

ಎಂಟು ದಿನದ ಮೇಲೆ ರೆಗ್ಯುಲೇಟರ್ ಸುಟ್ಟಿತು. ನಾನೊಬ್ಬಳೇ ಒಂದು ಕಲ್ಲಿನ ಕೊನೆಯ ಸಾಲು ಮುಗಿಸುತ್ತಿದ್ದೆ, ಮಾವ ಮನೆಗೆ ಹೋಗಿಯಾಗಿತ್ತು. ಸುಟ್ಟ ವಾಸನೆ ಬಂತು, ಬೆಕ್ಕಿನ ಗುರುಗುಟ್ಟುವಿಕೆ ನಿಂತಿತು. ಮರುದಿನ ನಸುಕಿನಲ್ಲೇ ನವೀದನಿಗೆ ಫೋನ್ ಮಾಡಿ ಕರೆಸಿದೆ. ಇಷ್ಟು ದೊಡ್ಡ ಮೋಟಾರಿಗೆ ಮನೆಯ ರೆಗ್ಯುಲೇಟರ್ ತಾಳದು ಎಂದು ಮೊದಲೇ ಹೇಳಿದ್ದೆನಲ್ಲ ಎಂದು ಅವನು ಗೊಣಗಿದ. ಸಾವ್ಕಾರರಿಗೆ ಫೋನ್ ಹಚ್ಚಿ, ದೊಡ್ಡದು ತರಿಸಲು ಎರಡು ದಿನ ಬೇಕೆಂದ. ಹುನಗುಂದದ ದಾರಿಯಲ್ಲಿದ್ದ ಅವರು, ಏನು ಬೇಕೋ ಮಾಡು ಎಂದು ಇಟ್ಟುಬಿಟ್ಟರು. ನವೀದ ರೆಗ್ಯುಲೇಟರಿನ ಹಿಂದೆ ಎರಡು ತಂತಿಯನ್ನು ನೇರವಾಗಿ ಕೂಡಿಸಿದ. ಫ್ಯಾನು ಪೂರ್ತಿ ಜೋರಿನಲ್ಲಿ ಎದ್ದಿತು. ಮುಚ್ಚಳ ಹಾಕಿ, ಗುಂಡಿಯನ್ನು ಐದರಲ್ಲಿ ಬಿಟ್ಟು, ಸ್ಕ್ರೂ ತಿರುವುತ್ತ ಅವನು ಹೇಳಿದ್ದು ಇಷ್ಟು:

"ಅಕ್ಕಾ, ಗುಂಡಿ ಈಗ ಸುಮ್ನ ತಿರಗತೈತಿ, ಏನೂ ಕೆಲಸ ಮಾಡೂದಿಲ್ಲ. ದುರಗಪ್ಪ ಕಾಕಾಗ ಹೇಳಿಬಿಡ್ರಿ."

ಹೇಳ್ತೇನಿ ಎಂದೆ.

ಮಾವ ಚಹಾ ಕುಡಿದು ಒಂಬತ್ತೂವರೆಗೆ ಬಂದ. ನನ್ನ ಮುಂದಿನಿಂದಲೇ ಹಾದುಹೋದ. ಆಗ ಹೇಳಬಹುದಿತ್ತು. ನಾನು ಗ್ರೈಂಡರ್ ಹಿಡಿದಿದ್ದೆ; ಹುಡಿ ದಾರವಾಗಿ ಮೇಲೇಳುತ್ತಿತ್ತು; ಎರಡು ತಿಂಗಳಲ್ಲಿ ಮೊದಲ ಸಲ ನನ್ನ ಎದೆ ಕೊನೆಯ ತನಕ ತುಂಬಿತ್ತು. ಬಾಯಿ ತೆರೆಯಲಿಲ್ಲ.

ಹನ್ನೊಂದಕ್ಕೆ ಸಾವ್ಕಾರರು ಗಿರಾಕಿಗಳನ್ನು ಕರೆದುಕೊಂಡು ಬಂದರು. ಬನಶಂಕರಿಯಲ್ಲಿ ಹೊಸಮನೆ ಕಟ್ಟಿಸುತ್ತಿದ್ದ ಗಂಡ ಹೆಂಡತಿ, ಗಂಡನ ತಾಯಿ ಸಿದ್ದಲಿಂಗವ್ವ. ಫ್ಯಾನಿನ ಅಬ್ಬರಕ್ಕೆ ಮುದುಕಿ ಒಳಗೆ ಬರುವಾಗಲೇ ಕಿವಿ ಮುಚ್ಚಿಕೊಂಡಳು. ಗುಂಡಿ ಐದರಲ್ಲಿದ್ದದ್ದನ್ನು ಆಗ ಕಂಡು, ಮಾವ ನಗುತ್ತ ಎದ್ದು ಅದನ್ನು ಒಂದಕ್ಕೆ ತಿರುವಿದ. ನನ್ನ ಕಡೆ ನೋಡಿದ.

ನಾನು ತಲೆಯಾಡಿಸಿದೆ.

ಶಾಂತವಾಯಿತೆಂದು ನಂಬಿ ಅವನು ತನ್ನ ದನಿಯನ್ನೂ ತಗ್ಗಿಸಿ ಮಾತಾಡತೊಡಗಿದ. ಅವನ ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು. ಗಿರಾಕಿಗಳು ಏನು, ಏನು ಎಂದು ಕೂಗಿದರು. ಅವನು ಬೆರಳನ್ನು ತುಟಿಗಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿ, ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಮೂರು ಸಲ ಬಡಿದ. ಸುತ್ತಿಗೆ ಕಲ್ಲಿಗೆ ತಾಗಿದ್ದು ಯಾರಿಗೂ ಕೇಳಿಸಲಿಲ್ಲ.

ಅಂದಾನಪ್ಪ ಸಾವ್ಕಾರರು ಗುಂಡಿಯನ್ನು ನೋಡಿದರು. ತಗಡಿನ ಪೆಟ್ಟಿಗೆಯನ್ನು ನೋಡಿದರು. ಅವರು ಜಾಣರು, ಬೇಗ ತಿಳಿಯುತ್ತದೆ. ಹತ್ತಿರ ಬಂದು ತಾವೇ ಗುಂಡಿಯನ್ನು ಐದಕ್ಕೆ ತಿರುವಿ, ಮಾವನ ಮುಖಕ್ಕೆ ಮುಖ ಕೊಟ್ಟು, ಈಗ ಹೇಗೆ ಎಂದರು. ಈಗ ಏನೂ ತಿಳಿಯದು, ಬರೀ ಸಪ್ಪಳ ಎಂದ ಮಾವ. ಒಂದಕ್ಕೆ ತಿರುವಿದರು. ಮಾವ ನನ್ನ ಕಡೆ ನೋಡಿದ, ನಾನು ತಲೆಯಾಡಿಸಿದೆ.

"ಈಗ ಸೂಜಿ ಬಿದ್ರೂ ಕೇಳಸ್ತೈತ್ರಿ," ಎಂದ.

ಪಾಲಿಶ್ ಮಶೀನಿನ ಹನಮಂತಪ್ಪ ಮೊಬೈಲು ಹಿಡಿದುಕೊಂಡು ಬಂದ. ಕೊಯ್ಯುವವರೂ ಬಂದು ನಿಂತರು. ಸಾವ್ಕಾರರು ಮತ್ತೆ ಐದಕ್ಕೆ, ಮತ್ತೆ ಒಂದಕ್ಕೆ, ನಾಲ್ಕಕ್ಕೆ, ಎರಡಕ್ಕೆ, ಹೀಗೆ ಮೇಲಿಂದ ಮೇಲೆ ತಿರುವುತ್ತಲೇ ಹೋದರು. ಪ್ರತಿ ಸಲ ಗುಂಡಿ ಕೆಳಗಿಳಿದಾಗ ಮಾವ ನನ್ನನ್ನು ಹುಡುಕುತ್ತಿದ್ದ, ಪ್ರತಿ ಸಲ ನಾನು ತಲೆಯಾಡಿಸುತ್ತಿದ್ದೆ, ಅವನು ತಲೆ ಓರೆ ಮಾಡಿ ಬಡಿಯುತ್ತಿದ್ದ. ಎಲ್ಲರೂ ನಗುತ್ತಿದ್ದರು. ತನ್ನ ಕೈಚಳಕಕ್ಕೆ ನಗುತ್ತಿದ್ದಾರೆಂದು ಅವನೂ ನಗುತ್ತಿದ್ದ. ಸಾವ್ಕಾರರು ಅವನ ಹಿಂದೆ ಹೋಗಿ ನಿಂತು, ಕಿವಿಯ ಹತ್ತಿರ ಬಾಯಿ ಇಟ್ಟು, ಅವನ ತಾಯಿಯ ಬಗ್ಗೆ ಒಂದು ಮಾತು ಕೂಗಿದರು. ಮಾವ ಗಿರಾಕಿಗಳ ಕಡೆ ನಗುಮುಖ ಮಾಡಿಕೊಂಡು ನಿಂತೇ ಇದ್ದ. ಸೆರಗು ಸರಿಮಾಡಿಕೊಳ್ಳುವುದು ನನ್ನ ಕೆಲಸ. ನಾನು ಮಾಡಲಿಲ್ಲ.

ಸಿದ್ದಲಿಂಗವ್ವ ಒಬ್ಬಳೇ ಮುಖ ತಿರುಗಿಸಿ, "ಸಾಕ್ ಬಿಡ್ರೆಪ್ಪಾ" ಎಂದು ಹೊರಗೆ ಹೋದಳು. ಮಗ ಸೊಸೆ ಅವಳ ಹಿಂದೆ ಹೋದರು. ಹೊಸ್ತಿಲು ಹಾಗೆಯೇ ಉಳಿಯಿತು.

ಸಂಜೆಯ ಹೊತ್ತಿಗೆ ಆ ವಿಡಿಯೋ ದೀಪಕನ ಮೊಬೈಲಿಗೂ ಬಂತು. ಅತ್ತೆ ನೋಡಿ, ಅರ್ಧಕ್ಕೇ ಒಳಗೆ ಎದ್ದುಹೋದಳು. ಏನದು ಎಂದು ಮಾವ ಕೈ ಚಾಚಿದ. ದೀಪಕ ಕೊಡಲಿಲ್ಲ, ಮಾವನೇ ಕಸಿದುಕೊಂಡ. ವಿಡಿಯೋದ ತುಂಬ ಫ್ಯಾನಿನ ಅಬ್ಬರ, ಅದರ ಮೇಲೆ ನಗು. ಅದು ಅವನಿಗೆ ಕೇಳಿಸಲಿಲ್ಲ. ಅವನಿಗೆ ಕಂಡದ್ದು ತಿರುಗುವ ಗುಂಡಿ, ತನ್ನ ಓರೆಯಾದ ತಲೆ, ಹಿಂದೆ ನಿಂತು ಬಾಯಿ ತೆರೆದ ಸಾವ್ಕಾರರು, ಮೂಲೆಯಲ್ಲಿ ನಾನು. ಮೂರು ಸಲ ನೋಡಿದ. ಮೊಬೈಲನ್ನು ಮಗನ ಕೈಗೆ ಕೊಟ್ಟು, ನನ್ನ ಮುಖ ನೋಡಿದ.

"ಆರು ಸಲ ತಲಿ ಆಡಿಸಿದಿ," ಎಂದ.

ಅದೇ ವಾರ ದೊಡ್ಡ ರೆಗ್ಯುಲೇಟರ್ ಬಂತು. ಅದರ ಜೊತೆಗೆ ಸಾವ್ಕಾರರ ತೀರ್ಮಾನವೂ ಬಂತು. ದುರಗಪ್ಪನ ಮನೆಯ ಹೆಸರಿಗೆ ಗಿರಾಕಿಗಳು ಬರುತ್ತಾರೆ, ಆ ಹೆಸರು ಬಾಗಿಲಲ್ಲೇ ಇರಲಿ. ಅವನ ಬದಲು ಸೊಸೆ ಬಡಿಯಲಿ, ಅವಳ ಕಿವಿ ಎಳೆಯದು. ಅವನು ಅವಳ ಮೂಲೆಯಲ್ಲಿ ಕೂಡಲಿ. ಓದಲು ಬಾರದಿದ್ದರೇನು, ಅವಳು ಮುಂಜಾನೆ ಬರೆದಿಟ್ಟ ಗೆರೆಯ ಮೇಲೆ ಗ್ರೈಂಡರ್ ಆಡಿಸಿದರಾಯಿತು. ಅದಕ್ಕೆ ಕಿವಿ ಬೇಕಿಲ್ಲ. ಹೀಗೆ ಹೇಳಿ ಅವರು ಸುತ್ತಿಗೆಯನ್ನು ಮಾವನ ಕೈಯಿಂದಲೇ ನನಗೆ ಕೊಡಿಸಿದರು.

ಮೊದಲ ದಿನ ಫ್ಯಾನನ್ನು ಐದಕ್ಕೇ ಇಟ್ಟು ಬಡಿದೆ. ಎಲ್ಲ ಕಲ್ಲೂ ಒಂದೇ. ಮೂರಕ್ಕಿಟ್ಟೆ. ಗಟ್ಟಿ ಕಲ್ಲನ್ನು ಸೀಳು ಎಂದೆ. ಸಾವ್ಕಾರರು ನೀರು ಚೆಲ್ಲಿ ಪರೀಕ್ಷಿಸಿ, ಸೀಳು ಕಾಣದೆ, ನನ್ನ ಕಡೆ ಒಮ್ಮೆ ನೋಡಿದರು. ವಕೀಲರ ಹೊಸ್ತಿಲು ತಿರುಗಿ ಬಂದ ದಿನ ಮಾವನ ಮೇಲಿದ್ದ ಆ ನೋಟ ನನಗೆ ಗೊತ್ತಿತ್ತು. ಎರಡರಲ್ಲಿ ಅರೆಬರೆ. ಒಂದರಲ್ಲಿ ಕಲ್ಲಿನ ಹೊಟ್ಟೆಯೊಳಗಿನ ಕೂದಲೂ ಸ್ವಚ್ಛವಾಗಿ ಕೇಳಿಸಿತು.

ಅಂದು ಸಂಜೆ ಮಾವನ ಮುಂದೆ ಮತ್ತೆ ಕೂತೆ. ಎರಡು ವರ್ಷ ಕಿವಿಯಿಲ್ಲದೆ ಹೇಗೆ ಆರಿಸಿದೆ ಎಂದು ಕೇಳಿದೆ. ಅವನು ಎಡಗೈಯ ಬೆರಳುಗಳನ್ನು ನನ್ನ ಮುಂದೆ ಬಿಡಿಸಿ ಹಿಡಿದ. ಕಲ್ಲಿನ ನಡುಕ ಬೆರಳ ತುದಿಗೆ ಬರುತ್ತದೆ, ಗಟ್ಟಿಯದಕ್ಕೆ ಒಂದು ತರಹ, ಸೀಳಿದ್ದಕ್ಕೆ ಒಂದು ತರಹ. ಪಕ್ಕದಲ್ಲಿ ಮಳೆ ಸುರಿದರೂ, ಫ್ಯಾನು ಹತ್ತಕ್ಕಿದ್ದರೂ ಅದು ತಪ್ಪದು ಎಂದ. ಹಾಗಾದರೆ ನನಗೆ ಕಲಿಸು, ನಾನು ಫ್ಯಾನನ್ನು ಐದರಿಂದ ಇಳಿಸುವುದೇ ಇಲ್ಲ, ನಿನ್ನ ಎದೆಯೂ ಉಳಿಯುತ್ತದೆ ಎಂದೆ.

ಅವನು ಬೆರಳುಗಳನ್ನು ಒಂದೊಂದಾಗಿ ಮಡಚಿದ.

"ನಿನಗ್ಯಾಕ ಬೆರಳು? ನಿನ್ನ ಕಿವಿ ಚಲೋ ಅದಾವಲ್ಲ."

ಅಷ್ಟು ಹೇಳಿ ರೊಟ್ಟಿ ತಿಂದ. ಅಂದಿನಿಂದ ಕೇಳುವುದು ಬಿಟ್ಟಿದ್ದೇನೆ. ನಾನೇ ಗುಟ್ಟಾಗಿ ಬೆರಳಿಟ್ಟು ನೋಡಿದ್ದೂ ಉಂಟು. ನನಗೆ ಏನೂ ತಿಳಿಯಲಿಲ್ಲ, ಕಲ್ಲು ತಣ್ಣಗಿತ್ತು ಅಷ್ಟೆ.

ಈಗ ಬಾಗಿಲ ಗಾಳಿಗೆ ನನ್ನ ಕೆಮ್ಮು ಕಡಿಮೆಯಾಗಿದೆ. ಫ್ಯಾನು ಬೆಳಗಿನಿಂದ ಸಂಜೆಯ ತನಕ ಒಂದರಲ್ಲಿರುತ್ತದೆ, ಗಿರಾಕಿ ಯಾವಾಗ ಬರುತ್ತಾರೆಂದು ಹೇಳಲಾಗದು. ಮಾವ ಮೂಲೆಯಲ್ಲಿ ನಾನೇ ಬರೆದಿಟ್ಟ 'ಮನೆತನ'ಗಳ, ನಾನೇ ಬರೆದಿಟ್ಟ 'ಸ್ವರ್ಗಸ್ಥ'ರ ಗೆರೆಯ ಮೇಲೆ ಗ್ರೈಂಡರ್ ಆಡಿಸುತ್ತಾನೆ. ಹುಬ್ಬು, ಮೀಸೆ, ಕಿವಿಯೊಳಗಿನ ಕೂದಲು ಎಲ್ಲ ಬೆಳ್ಳಗಾಗಿವೆ. ಅವನ ಕೆಮ್ಮು ನನಗೆ ಕೇಳಿಸುತ್ತದೆ. ಕಲ್ಲು ಬಡಿಯುವ ಮೊದಲು ಅದು ನಿಲ್ಲಲಿ ಎಂದು ಸುತ್ತಿಗೆ ಎತ್ತಿ ಹಿಡಿದು ಕಾಯಬೇಕಾಗುತ್ತದೆ. ಗಿರಾಕಿಗಳೂ ಕಾಯುತ್ತಾರೆ.

ನಿನ್ನೆ ಸಿದ್ದಲಿಂಗವ್ವ ಮಗನನ್ನು ಕರೆದುಕೊಂಡು ಮತ್ತೆ ಬಂದಿದ್ದಳು, ಬಿಟ್ಟುಹೋದ ಅದೇ ಹೊಸ್ತಿಲಿಗೆ. ನಾನು ಸುತ್ತಿಗೆ ಎತ್ತಿದಾಗ ಮಾವನಿಗೆ ಕೆಮ್ಮು ಹತ್ತಿತು. ಗೋಡೆ ಹಿಡಿದು ನಿಂತು, ಕೆಮ್ಮು ಮುಗಿಸಿ, ಬಾಯಿಯ ಬಟ್ಟೆ ಸರಿಸಿ, ಅಷ್ಟು ದೂರದಿಂದ ತಗಡಿನ ಪೆಟ್ಟಿಗೆಯ ಕಡೆ ಕೈ ತೋರಿಸಿದ.

"ಫ್ಯಾನು ಎಷ್ಟರಾಗ ಐತಿ? ಐದರಾಗ ಐತೇನವ್ವಾ?"

ನಾನು ತಲೆಯಾಡಿಸಿದೆ. ಅವನು ಬಟ್ಟೆ ಕಟ್ಟಿಕೊಂಡು ಕೂತ. ಶೆಡ್ಡು ಸ್ತಬ್ಧವಾಯಿತು, ನಾನು ಮೂರು ಸಲ ಬಡಿದೆ, ಕಲ್ಲು ಗಂಟೆಯ ಹಾಗೆ ನುಡಿಯಿತು.

"ಗಟ್ಟಿ ಐತ್ರಿ," ಎಂದೆ, "ಒಯ್ರಿ."